ಇಂಗ್ಲೆಂಡಿನಲ್ಲಿ ಹಾಕಬೇಕಿದ್ದ ಒಂದು ವೋಟು

ಹದಿನೈದು ದಿನದ ಹಿಂದೆ ಟೆಕ್ಸಸ್ಸಿನ ಆಸ್ಟಿನ್ನಿನಲ್ಲಿ, ಡೊಮೇನ್ ಎಂಬ ಅಂಗಡಿ ಬೀದಿಯ ಒಂದು ರೆಸ್ಟೋರೆಂಟಿನಲ್ಲಿ ಆಫೀಸಿನವರ ಜೊತೆ ಊಟಕ್ಕೆ ಕೂತಿದ್ದೆ. ಪಕ್ಕದ ಟೇಬಲ್ಲಿಗೆ ಬಿಸಿಬಿಸಿ ಫ್ರೈಸ್ ಬಂತು. ಅಲ್ಲಿದ್ದ ವಯಸ್ಸಾದವರೊಬ್ಬರು ಕೆಚಪ್ ಬಾಟಲಿಯನ್ನು ಅತ್ತ ಸರಿಸಿ, ಕಂದು ಬಣ್ಣದ ವಿನೆಗರ್ ತರಿಸಿಕೊಂಡು ಅದರ ಮೇಲೆ ಧಾರಾಳವಾಗಿ ಸುರಿದರು. ಬಿಸಿ ಎಣ್ಣೆಗೆ ಹುಳಿ ಬಿದ್ದಾಗ ಏಳುವ ಆ ಘಾಟು ಮೂಗಿಗೆ ಬಡಿಯಿತು. ಎದುರಿಗೆ ಕೂತಿದ್ದ ಮ್ಯಾನೇಜರ್ ಏನೋ ಹೇಳುತ್ತಲೇ ಇದ್ದ, ನನ್ನ ಕಿವಿಗೆ ಒಂದು ಮಾತೂ ಬೀಳಲಿಲ್ಲ. ನಾವು ಮೊದಲಿದ್ದ ಮರ್ಫಿ ಊರಿನಲ್ಲಿ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಅಂಕಲ್ ಹೀಗೆಯೇ ತಿನ್ನುತ್ತಿದ್ದರು...

ಯಾವ ಹೋಟೆಲಿಗೆ ಹೋದರೂ ಅವರ ಕೋಟಿನ ಜೇಬಿನಲ್ಲಿ ಒಂದು ಪುಟ್ಟ ವಿನೆಗರ್ ಬಾಟಲಿ ಇರುತ್ತಿತ್ತು. ಮಗಳಿಗೆ ಅದು ಮಹಾ ನಾಚಿಕೆಯ ವಿಷಯ. ಆಂಟಿಗೆ ಅಭ್ಯಾಸವಾಗಿಹೋಗಿತ್ತು. ಅಂಕಲ್ ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಹುಡುಗರಾಗಿದ್ದಾಗಲೇ ಇಂಗ್ಲೆಂಡಿನ ಉತ್ತರದ ಕಡೆಯ ಒಂದು ಚಿಕ್ಕ ಊರಿಗೆ ಹೋಗಿ ನಿಂತವರು. ಅದು ಬಟ್ಟೆ ಗಿರಣಿಗಳ ಊರಂತೆ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಜನ ಮಾತ್ರ ಅಲ್ಲೇ ಉಳಿದರು, ಅವರ ಕೆಮ್ಮನ್ನು ನೋಡಿಕೊಳ್ಳಲು ಅಂಕಲ್ ಕೂಡ ಉಳಿದರು. ರಿಟೈರ್ ಆದ ಮೇಲೆ ಮಗಳು ಇಲ್ಲಿದ್ದಾಳೆಂದು ಗಂಡ ಹೆಂಡತಿ ಟೆಕ್ಸಸ್ಸಿಗೆ ಬಂದರು. ಮೈ ಮಾತ್ರ ಬಂತು ಎನ್ನಬೇಕು. ನಾನು ನೋಡಿದಾಗ ಅವರಿಗೆ ಎಂಬತ್ತರ ಹತ್ತಿರ. ಹೊರಗೆ ಕಾರಿನ ಬಾನೆಟ್ ಮೇಲೆ ದೋಸೆ ಹುಯ್ಯುವಷ್ಟು ಬಿಸಿಲಿದ್ದರೂ ಟೈ ಕಟ್ಟಿಕೊಂಡೇ ವಾಕಿಂಗ್ ಹೊರಡುತ್ತಿದ್ದರು.

ನಾನು ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿದ್ದವಳು. ಮದುವೆಯಾಗಿ ಇಲ್ಲಿಗೆ ಬಂದು, ಕೆಲವು ವರ್ಷ ಕೆಲಸ ಮಾಡಲು ಅನುಮತಿಯೇ ಇಲ್ಲದೆ ಮನೆಯಲ್ಲಿ ಕೂತೆ. ಈಗ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಯಾರೂ ಓದದ ಕೈಪಿಡಿಗಳನ್ನು ಬರೆದುಕೊಡುತ್ತೇನೆ. ಆಂಟಿ ಮೊದಲ ಸಲ ಕಾಫಿಗೆ ಕರೆದ ದಿನ, ನಾನು ಪೇಪರಿನಲ್ಲಿದ್ದವಳು ಎಂದು ಗೊತ್ತಾದ ಕೂಡಲೇ ಅಂಕಲ್ ಮುಖ ಗಂಟಿಕ್ಕಿದರು. ಕಳ್ಳನ ಮನೆಗೆ ಸಂಬಂಧ ಬೆಳೆಸಿದೆವಲ್ಲ ಎನ್ನುವವರ ಹಾಗೆ ಹೆಂಡತಿಯ ಕಡೆ ನೋಡಿದರು. ಆಂಟಿ ಧಾರವಾಡದವರು, ಇಂಥದ್ದಕ್ಕೆಲ್ಲ ಸೊಪ್ಪು ಹಾಕುವವರಲ್ಲ. ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.

ಆಮೇಲೆ ತಿಳಿಯಿತು, ಪೇಪರಿನವರನ್ನು ಅಷ್ಟು ದ್ವೇಷಿಸುವ ಈ ಮನುಷ್ಯ ಪೇಪರಿಲ್ಲದೆ ಒಂದು ದಿನ ಇರಲಾರರು ಎಂದು. ಬೆಳಗ್ಗೆ ಎದ್ದು ಹಿತ್ತಿಲ ಪ್ಯಾಟಿಯೋದಲ್ಲಿ ಕೂತು, ಐಪ್ಯಾಡಿನಲ್ಲಿ ಲಂಡನ್ನಿನ ಒಂದು ದೊಡ್ಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೈದುಕೊಂಡು ಓದುತ್ತಿದ್ದರು. ನಮ್ಮ ಮನೆಯ ಅಡುಗೆಮನೆ ಕಿಟಕಿಗೆ ಎಲ್ಲ ಕೇಳಿಸುತ್ತಿತ್ತು. ಸುಳ್ಳ, ಲಫಂಗ, ಇವನ ಮನೆ ಹಾಳಾಗ... ಎಲ್ಲ ಅಚ್ಚ ಮೈಸೂರು ಕನ್ನಡದಲ್ಲಿ. ನಮ್ಮ ಯಜಮಾನರು ಅದನ್ನು ಕೇಳಿದರೆ ಸಾಕು, ಆಫೀಸಿಗೆ ಹೊತ್ತಾಯಿತು ಎಂದು ಏಳುತ್ತಿದ್ದರು. ಅಂಥ ಪೇಪರನ್ನು ಯಾಕೆ ಓದುತ್ತೀರಿ ಅಂಕಲ್ ಎಂದರೆ, ನಮ್ಮ ಊರಿನವರೆಲ್ಲ ಅದನ್ನೇ ಓದುತ್ತಾರೆ, ಅವರ ತಲೆಯಲ್ಲಿ ಏನು ತುಂಬಿದ್ದಾರೆ ಎಂದು ನನಗೆ ಗೊತ್ತಿರಬೇಡವೇ ಎನ್ನುತ್ತಿದ್ದರು. ನಮ್ಮ ಊರು ಎಂದರೆ ಮೈಸೂರೂ ಅಲ್ಲ, ಮರ್ಫಿಯೂ ಅಲ್ಲ.

ಅಲ್ಲಿನ ರಾಜಕೀಯ ನನಗೆ ಅವರಿಂದಲೇ ತಿಳಿದದ್ದು. ಅವರ ಲೆಕ್ಕದಲ್ಲಿ ಅಲ್ಲಿರುವುದು ಎರಡೇ, ಕೆಂಪು ಪಕ್ಷ ಮತ್ತು ನೀಲಿ ಪಕ್ಷ. ಉಳಿದವರೆಲ್ಲ ಮದುವೆ ಮನೆಗೆ ಕರೆಯದೆ ಬಂದವರು. ಅಂಕಲ್ ಕೆಂಪು. ಆ ಊರಿನ ಶಾಲೆಯ ಮೇಷ್ಟ್ರೊಬ್ಬರು, ಇಂಗ್ಲಿಷರು, ಅವರ ಜೀವದ ಗೆಳೆಯರು. ಇಬ್ಬರೂ ಸೇರಿ ಎಷ್ಟೋ ಚುನಾವಣೆಗಳಲ್ಲಿ ಮನೆಮನೆ ಸುತ್ತಿದ್ದರು. ಅಲ್ಲಿ ಕರಪತ್ರವನ್ನು ಬಾಗಿಲಿನ ಸೀಳಿನೊಳಗೆ ತೂರಿಸಬೇಕು. ಕೆಲವು ಮನೆಗಳಲ್ಲಿ ಒಳಗಡೆ ನಾಯಿ ಬಾಯಿ ತೆರೆದುಕೊಂಡು ಕಾಯುತ್ತಿರುತ್ತದೆ. ಮೇಷ್ಟ್ರ ಬೆರಳನ್ನು ಒಂದು ಸಲ ಹಿಡಿದೇಬಿಟ್ಟಿತಂತೆ. ಅದಕ್ಕೆ ಅಂಕಲ್ ಉಪಾಯ ಮಾಡಿ, ಆಂಟಿ ಧಾರವಾಡದಿಂದ ತಂದಿದ್ದ ಮರದ ಸಟ್ಟುಗವನ್ನು ಕದ್ದು ಒಯ್ದು, ಅದರ ತುದಿಗೆ ಕರಪತ್ರ ಸುತ್ತಿ ಒಳಗೆ ತಳ್ಳುತ್ತಿದ್ದರು. ನಾಯಿ ಸಟ್ಟುಗ ಕಚ್ಚಿದರೆ ಕಚ್ಚಲಿ. ಹಲ್ಲಿನ ಗುರುತು ಬಿದ್ದ ಸಟ್ಟುಗದಲ್ಲಿ ಆಂಟಿ ಮತ್ತೆ ಉಪ್ಪಿಟ್ಟು ಕೆದಕಲಿಲ್ಲ. ಈ ಕಥೆ ಹೇಳುವಾಗ ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ನಗುತ್ತ ನಗುತ್ತ ಒಂದು ಕಡೆ ಬಂದು ಮಾತು ನಿಂತುಬಿಡುತ್ತಿತ್ತು. ಆ ಕಡೆ ಯಾವುದು ಎಂದು ನನಗೆ ಬಹಳ ದಿನ ತಿಳಿಯಲಿಲ್ಲ. ಒಂದು ಸಂಜೆ ತಾವಾಗಿಯೇ ಹೇಳಿದರು. ಒಂದು ಸಲ ಮೇಷ್ಟ್ರು ಒತ್ತಾಯ ಮಾಡಿ ಅಂಕಲ್‌ರನ್ನು ಆ ಊರಿನ ಕೌನ್ಸಿಲ್, ಅಂದರೆ ಪುರಸಭೆಯ ಚುನಾವಣೆಗೆ ನಿಲ್ಲಿಸಿದ್ದರು. ಊರಿನ ಅರ್ಧ ಜನ ಅವರ ಪೇಷಂಟುಗಳು, ಗೆಲ್ಲುವುದು ಗ್ಯಾರಂಟಿ ಎಂದೇ ಎಲ್ಲರೂ ಅಂದುಕೊಂಡಿದ್ದರು. ಮತದಾನ ಹತ್ತಿರ ಬಂದಾಗ ಊರಿನ ಸಂಜೆ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಅವರ ಕ್ಲಿನಿಕ್ಕಿನಲ್ಲಿ ಜನ ಬಹಳ ಹೊತ್ತು ಕಾಯಬೇಕಾಗುತ್ತದೆ ಎಂದು. ಕಾಯಬೇಕಾಗಿದ್ದದ್ದು ನಿಜ, ಎಲ್ಲ ಡಾಕ್ಟರುಗಳ ಹತ್ತಿರವೂ ಕಾಯುತ್ತಿದ್ದರು. ಆದರೆ ಸುದ್ದಿಯ ಜೊತೆಗೆ ಎದೆಗೆ ಪಕ್ಷದ ಕೆಂಪು ರಿಬ್ಬನ್ನಿನ ಹೂ ಸಿಕ್ಕಿಸಿಕೊಂಡು ಅಂಕಲ್ ನಗುತ್ತಿರುವ ಫೋಟೋ. ಮೇಲೆ ದಪ್ಪಕ್ಷರದಲ್ಲಿ, ಡಾಕ್ಟರಿಗೆ ರೋಗಿ ಮುಖ್ಯವೋ ಕುರ್ಚಿ ಮುಖ್ಯವೋ ಎಂಬರ್ಥದ ಒಂದು ಪ್ರಶ್ನೆ.

ಸೋತರು. ಸೋತದ್ದಕ್ಕಿಂತ ಮರುದಿನ ಕ್ಲಿನಿಕ್ಕಿಗೆ ಬಂದ ಜನ ಮುಖ ತಪ್ಪಿಸಿ ಕೂತದ್ದು ಅವರನ್ನು ಸುಟ್ಟಿತ್ತು. ಪತ್ರಿಕೆಯ ಮಾಲೀಕ ನೀಲಿ ಪಕ್ಷದವನು, ಬೇಕೆಂದೇ ಕೂತು ಸಂಚು ಮಾಡಿ ಬರೆಸಿದ ಎಂದು ಪಕ್ಷದವರು ಹೇಳಿದರು. ಅಂಕಲ್ ಅದನ್ನೇ ನಂಬಿಕೊಂಡು ಇಷ್ಟು ವರ್ಷ ಬದುಕಿದ್ದರು.

ಅಂದು ಅವರು ನನ್ನನ್ನು ಕೇಳಿದ್ದು ಇಷ್ಟೇ. "ನೋಡಮ್ಮ, ನೀನು ಈ ಕೆಲಸ ಮಾಡಿದೋಳು. ಅಂಥ ಒಂದು ಹೆಡ್‌ಲೈನ್ ಬರೆಯೋಕೆ ಎಷ್ಟು ಜನ ಕೂತ್ಕೋತಾರೆ?"

"ಒಬ್ರೇ, ಅಂಕಲ್," ಎಂದೆ.

ಅವರು ನಂಬಲಿಲ್ಲ. ನಾನು ಡೆಸ್ಕಿನ ಕೆಲಸವನ್ನು ವಿವರಿಸಿ ಹೇಳಿದೆ. ಪುಟ ಕಳಿಸುವ ಹೊತ್ತು ಮೀರುತ್ತಿರುತ್ತದೆ, ಮೂರು ಕಾಲಮ್ಮಿನ ಜಾಗ ಬಾಯಿ ತೆರೆದುಕೊಂಡು ಕೂತಿರುತ್ತದೆ, ಸುದ್ದಿಯಲ್ಲಿ ಹುರುಳಿರುವುದಿಲ್ಲ. ಆರೋಪವನ್ನು ನೇರವಾಗಿ ಹೇಳಿದರೆ ಕೇಸಾಗುತ್ತದೆ, ಆದ್ದರಿಂದ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಬರೆದವನು ಯಾವನೋ ಹಸಿದ ಹುಡುಗ ಇದ್ದಿರಬೇಕು, ಅವನು ನಿಮ್ಮನ್ನು ನೋಡಿಯೂ ಇರುವುದಿಲ್ಲ, ಪುಟ ಹೋದ ಮೇಲೆ ನೆನಪೂ ಇಟ್ಟುಕೊಂಡಿರುವುದಿಲ್ಲ ಎಂದೆ. ಸಮಾಧಾನವಾಗಲಿ ಎಂದೇ ಹೇಳಿದ್ದೆ. ಅಂಕಲ್ ಬೇಲಿಯ ಕಡೆ ತಿರುಗಿದರು.

"ಹಾಗಾದ್ರೆ ನಾನು ಇಷ್ಟು ವರ್ಷ ಯಾರ ಮೇಲೆ ಕೋಪ ಮಾಡ್ಕೊಂಡಿದ್ದೆ?" ಎಂದರು.

ಆ ಸಂಜೆ ಪತ್ರಿಕೆ ಆಗಲೇ ಮುಚ್ಚಿಹೋಗಿತ್ತಂತೆ. ಓದುವವರಿಲ್ಲ, ಜಾಹೀರಾತಿಲ್ಲ. ತಮ್ಮನ್ನು ಸೋಲಿಸಿದ ಪತ್ರಿಕೆ ಸತ್ತಾಗ ಅಂಕಲ್‌ಗೆ ಬೇಜಾರೇ ಆಯಿತಂತೆ. ಸುಳ್ಳೋ ನಿಜವೋ, ನಮ್ಮ ಊರಿನ ಚರಂಡಿ ಕಟ್ಟಿಕೊಂಡರೆ ಬರೆಯುವವನು ಅವನೊಬ್ಬನಿದ್ದ, ಈಗ ಲಂಡನ್ನಿನಲ್ಲಿ ಕೂತವರು ಹೇಳಿದ್ದೇ ಸುದ್ದಿ ಎನ್ನುತ್ತಿದ್ದರು.

ಇಷ್ಟೆಲ್ಲ ರಾಜಕೀಯ ಮಾತಾಡುವ ಮನುಷ್ಯನಿಗೆ ಆಗ ಒಂದೇ ಒಂದು ಕಡೆಯೂ ವೋಟಿರಲಿಲ್ಲ. ಇಂಡಿಯಾದ ಪೌರತ್ವ ಬಿಟ್ಟು ಬ್ರಿಟನ್ನಿನದನ್ನು ತೆಗೆದುಕೊಂಡಾಗಿತ್ತು. ದೇಶ ಬಿಟ್ಟು ಹದಿನೈದು ವರ್ಷ ಕಳೆದರೆ ಅಲ್ಲಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಯುವ ಕಾನೂನು ಆಗ ಅಲ್ಲಿತ್ತು, ಹಾಗಾಗಿ ಅದೂ ಹೋಯಿತು. ಯೂರೋಪಿನ ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಇಡೀ ದೇಶ ಮತ ಹಾಕಿದಾಗ ಅಂಕಲ್ ಟೀವಿಯ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. ತಮ್ಮ ಕೆಂಪು ಊರೇ ಕೂಟ ಬಿಡಬೇಕು ಎಂದು ಮತ ಕೊಟ್ಟಾಗ ಎದ್ದು ಹೋಗಿ ಮಲಗಿಬಿಟ್ಟರು ಎಂದು ಆಂಟಿ ಹೇಳಿದ್ದರು. ಅಮೆರಿಕದ ಪೌರತ್ವ ತೆಗೆದುಕೊಳ್ಳಿ ಎಂದು ಮಗಳು ಬೆನ್ನು ಬಿದ್ದಿದ್ದಳು. ಒಂದು ಸಲ ರಾಣಿಯ ಹೆಸರಲ್ಲಿ ಪ್ರಮಾಣ ಮಾಡಿಯಾಗಿದೆ, ಊರೂರಿಗೆ ಪ್ರಮಾಣ ಮಾಡಿಕೊಂಡು ತಿರುಗಲು ನಾನೇನು ಕೋರ್ಟಿನ ಸಾಕ್ಷಿಯೇ ಎಂದು ಅಂಕಲ್ ಸಿಡುಕುತ್ತಿದ್ದರು. ದೇವಸ್ಥಾನದಲ್ಲಿ ಸಿಗುವ ನಮ್ಮ ಕನ್ನಡದವರಿಗೆ ಇದೊಂದು ತಮಾಷೆ. ಇಲ್ಲಿ ಟ್ಯಾಕ್ಸು, ಅಲ್ಲಿ ಮನಸ್ಸು ಎಂದು ಕಿಚಾಯಿಸುತ್ತಿದ್ದರು. ಅಂಕಲ್ ನಗುತ್ತಿದ್ದರು, ಆದರೆ ಅದು ಅವರಿಗೆ ನಾಟುತ್ತಿತ್ತು. ಒಂದು ಸಲ ನನ್ನೆದುರು, ಮನೆಯ ವಿಷಯದಲ್ಲಿ ನಿನ್ನ ಮಾತು ಬೇಡ ಅಂತ ಹೊರಗೆ ಕೂರಿಸಿದ ಹಾಗಿದೆ ಕಣಮ್ಮ ಎಂದದ್ದುಂಟು.

ಹೀಗಿರುವಾಗ ಆ ಹದಿನೈದು ವರ್ಷದ ಕಾನೂನನ್ನು ತೆಗೆದುಹಾಕಿದರು. ಎಷ್ಟು ವರ್ಷ ಹೊರಗಿದ್ದರೂ ಮತ ಹಾಕಬಹುದು. ಆ ಸುದ್ದಿ ಬಂದ ದಿನ ಅಂಕಲ್ ನಮ್ಮ ಬಾಗಿಲು ಬಡಿದದ್ದು ಕೇಳಿ ಯಾರಿಗೋ ಏನೋ ಆಯಿತು ಎಂದೇ ನಾನು ಓಡಿ ಬಂದೆ. ಕೈಯಲ್ಲಿ ಐಪ್ಯಾಡ್ ಹಿಡಿದುಕೊಂಡು ನಿಂತಿದ್ದರು. ಆಮೇಲೆ ತಿಂಗಳುಗಟ್ಟಲೆ ಓಡಾಟ. ಅಲ್ಲಿನ ಹಳೆಯ ವಿಳಾಸಕ್ಕೆ ಪುರಾವೆ ಹುಡುಕಿದರು, ಕಚೇರಿಗೆ ಫೋನ್ ಮಾಡಿ ಜಗಳವಾಡಿದರು. ಕೊನೆಗೆ ಹೆಸರು ಸೇರಿತು. ಅಷ್ಟರಲ್ಲಿ ಅಲ್ಲಿ ಚುನಾವಣೆ ಘೋಷಣೆಯೂ ಆಯಿತು.

ಟೆಕ್ಸಸ್ಸಿನಿಂದ ಅಂಚೆಯಲ್ಲಿ ಹಾಕಿದ ಮತ ಸಮಯಕ್ಕೆ ತಲುಪುತ್ತದೆಂಬ ನಂಬಿಕೆ ಅಂಕಲ್‌ಗೆ ಇರಲಿಲ್ಲ. ಅಲ್ಲಿ ಇನ್ನೊಂದು ಏರ್ಪಾಡಿದೆ. ನಿಮಗೆ ಬರಲಾಗದಿದ್ದರೆ ನಿಮ್ಮ ಪರವಾಗಿ ಮತಗಟ್ಟೆಗೆ ಹೋಗಿ ಮತ ಹಾಕಲು ಒಬ್ಬರನ್ನು ನೇಮಿಸಬಹುದು, ಕಾನೂನುಬದ್ಧವಾಗಿಯೇ. ನಮ್ಮ ಕಾಲೇಜಿನ ಪ್ರಾಕ್ಸಿ ಅಟೆಂಡೆನ್ಸ್ ಇದ್ದ ಹಾಗೆ ಅಲ್ಲವೇ ಅಂಕಲ್ ಎಂದು ನಾನು ರೇಗಿಸಿದೆ. ಅವರಿಗೆ ಅದು ಸರಿಬೀಳಲಿಲ್ಲ. ತನ್ನ ಮತವನ್ನು ಇನ್ನೊಬ್ಬನ ಕೈಗೆ ಕೊಡುವುದು ಹುಡುಗಾಟವಲ್ಲ, ಮಗಳನ್ನು ಕೊಡುವಾಗ ನೋಡುವ ಹಾಗೆ ನೋಡಬೇಕು ಎಂದರು. ನೋಡಲು ಅವರಿಗಿದ್ದದ್ದು ಒಬ್ಬರೇ, ಆ ಮೇಷ್ಟ್ರು. ಪ್ರತಿ ಶನಿವಾರ ಬೆಳಗ್ಗೆ ಇಬ್ಬರ ನಡುವೆ ಫೋನು ತಪ್ಪುತ್ತಿರಲಿಲ್ಲ. ಈ ಕೆಲಸ ಮಾಡಿಕೊಡುತ್ತೀಯಾ ಎಂದು ಕೇಳಿದ್ದಕ್ಕೆ ಮೇಷ್ಟ್ರು ಆಗಲಿ ಎಂದಿದ್ದರು. ತಕ್ಷಣ ಹೇಳಲಿಲ್ಲ, ಸ್ವಲ್ಪ ತಡೆದು ಹೇಳಿದರು ಎಂದು ಆಂಟಿ ಆಮೇಲೆ ನೆನಪು ಮಾಡಿಕೊಂಡರು. ಅಂದು ಯಾರೂ ಅದನ್ನು ಗಮನಿಸಿರಲಿಲ್ಲ.

ಅಲ್ಲಿನ ಮತದಾನ ಬಿದ್ದದ್ದು ಜುಲೈ ನಾಲ್ಕಕ್ಕೆ. ಬ್ರಿಟಿಷರಿಂದ ಬಿಡುಗಡೆಯಾದ ದಿನವೆಂದು ಅಮೆರಿಕಕ್ಕೆಲ್ಲ ರಜ. ನಮ್ಮ ಬೀದಿಯ ಮನೆಮನೆಗೂ ಬಾವುಟ, ಹಿತ್ತಿಲಲ್ಲಿ ಗ್ರಿಲ್ ಹೊಗೆ. ಇವರೊಬ್ಬರ ಮನೆಯಲ್ಲಿ ಮಾತ್ರ ಬ್ರಿಟನ್ನಿನ ಎಲೆಕ್ಷನ್. ಅಂಕಲ್ ಬೆಳಗ್ಗೆಯೇ ಸ್ನಾನ ಮಾಡಿ, ಸೂಟು ಹಾಕಿ, ಹಳೇ ಪೆಟ್ಟಿಗೆಯಿಂದ ತೆಗೆದ ಕೆಂಪು ರಿಬ್ಬನ್ನಿನ ಹೂವನ್ನು ಎದೆಗೆ ಸಿಕ್ಕಿಸಿಕೊಂಡು ಮುಂಬಾಗಿಲಲ್ಲಿ ನಿಂತಿದ್ದರು. ಎದುರು ಮನೆಯ ಟೆಕ್ಸಸ್ಸಿನವನು ಲಾರಿಯಂಥ ತನ್ನ ಕಾರು ನಿಲ್ಲಿಸಿ, ಕೆಂಪು ನೋಡಿ, ಹೆಬ್ಬೆರಳು ಎತ್ತಿ ತೋರಿಸಿ ಹೋದ. ಇಲ್ಲಿ ಕೆಂಪೆಂದರೆ ಅಂಕಲ್‌ಗೆ ಎಳ್ಳಷ್ಟೂ ಆಗದ ಪಕ್ಷದ ಬಣ್ಣ. ಅವನ ಹಿಂದೆ ಓಡಿ ಹೋಗಿ ವಿವರಿಸಬೇಕೆಂದು ಹೊರಟವರನ್ನು ಆಂಟಿ ತೋಳು ಹಿಡಿದು ನಿಲ್ಲಿಸಿದರು. ಅಂದು ನಾವು ಕೊನೆಯ ಸಲ ಎಲ್ಲರೂ ಸೇರಿ ಹೊಟ್ಟೆ ತುಂಬ ನಕ್ಕದ್ದು...

ಅಲ್ಲಿ ಮತದಾನ ಮುಗಿದಾಗ ಇಲ್ಲಿ ನಡು ಮಧ್ಯಾಹ್ನ ಕಳೆದಿತ್ತು. ಆಂಟಿ ಮಿರ್ಚಿ ಭಜಿ ಕರಿದಿದ್ದರು. ಮಗಳು, ಅಳಿಯ, ನಾನು ಎಲ್ಲ ಟೀವಿಯ ಮುಂದೆ ಕೂತಿದ್ದೆವು. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿ ಲೆಕ್ಕ ಹಾಕಿದ ಅಂದಾಜು ಪರದೆಯ ಮೇಲೆ ಬಂತು. ಕೆಂಪು ಪಕ್ಷಕ್ಕೆ ಭಾರಿ ಗೆಲುವು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಂಕಲ್ ತಟ್ಟಲಿಲ್ಲ. ಇಷ್ಟು ವರ್ಷ ನಮ್ಮನ್ನು ಬೈದ ಪೇಪರೇ ಈ ಸಲ ಕೆಂಪಿಗೆ ಹಾಕಿ ಎಂದಿತಲ್ಲ, ಅದು ಬದಲಾದದ್ದಲ್ಲ, ಗೆಲ್ಲುವ ಕುದುರೆ ನೋಡಿ ಹತ್ತಿದ್ದು ಅಷ್ಟೇ ಎಂದು ಗೊಣಗಿದರು. ಆದರೂ ಮುಖ ಬೆಳಗಿತ್ತು. ಈ ಗೆಲುವಿನಲ್ಲಿ ನನ್ನದೂ ಒಂದಿದೆ ಎಂದು ಆಂಟಿಗೆ ಹೇಳಿ, ಮೇಷ್ಟ್ರಿಗೆ ಫೋನ್ ಮಾಡಿದರು. ನಮಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

ಮೇಷ್ಟ್ರ ದನಿ ದೂರದಿಂದ, ದಣಿದಂತೆ ಬಂತು. ಅಭಿನಂದನೆ ಎಂದು ಅಂಕಲ್ ಕೂಗಿದರು. ಮೇಷ್ಟ್ರು ಹೇಳಿದರು, ಮತಗಟ್ಟೆ ಇದ್ದ ಚರ್ಚಿನ ಸಭಾಂಗಣದ ಗೇಟಿನವರೆಗೂ ಹೋಗಿದ್ದೆ, ಒಳಗೆ ಹೋಗಲು ಮನಸ್ಸು ಬರಲಿಲ್ಲ, ಹಿಂದಿರುಗಿ ಬಂದೆ ಎಂದು. ಹಿಂದಿನ ಚುನಾವಣೆಯಲ್ಲೂ ಅವರು ಮತ ಹಾಕಿರಲಿಲ್ಲವಂತೆ, ಗೆಳೆಯನಿಗೆ ಹೇಳಲು ಬಾಯಿ ಬಂದಿರಲಿಲ್ಲವಂತೆ. ಯಾರು ಬಂದರೂ ಗಿರಣಿಯ ಜಾಗದಲ್ಲಿ ಹುಲ್ಲೇ ಬೆಳೆಯುತ್ತಿದೆ, ಬೆಳಗೆದ್ದರೆ ಪೇಪರಿನಲ್ಲಿ ಇವನು ಕಳ್ಳ ಅವನು ಸುಳ್ಳ ಎಂದು ಓದಿ ಓದಿ ಯಾರ ಮೇಲೂ ನಂಬಿಕೆ ಉಳಿದಿಲ್ಲ ಎಂದರು. ಕೊನೆಗೆ ಅವರು ಇಂಗ್ಲಿಷಿನಲ್ಲಿ ಆಡಿದ ಮಾತಿನ ಸಾರ ಇದು. "ನನ್ನದನ್ನೇ ಹಾಕೋಕೆ ಆಗ್ಲಿಲ್ಲ ಕಣೋ. ನಿನ್ನದನ್ನ ಹೇಗೆ ಹಾಕ್ಲಿ?"

ನನಗೆ ಫೋನಿನೊಳಗೆ ಕೈ ಹಾಕಿ ಆ ಮನುಷ್ಯನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಅಂಕಲ್ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ, ಪರವಾಗಿಲ್ಲ, ಅಲ್ಲಿ ಮಳೆ ಇತ್ತೇ, ಕಾಲಿನ ನೋವು ಹೇಗಿದೆ ಎಂದು ಕೇಳಿದರು. ಡಾಕ್ಟರು ಪೇಷಂಟಿನ ಜೊತೆ ಮಾತಾಡುವ ದನಿ ಅದು. ಸ್ಪೀಕರ್ ಆಫ್ ಮಾಡಿ, ಫೋನನ್ನು ಕಿವಿಗೆ ಹಿಡಿದುಕೊಂಡು ಒಳಗೆ ಹೋದರು.

ಒಂದು ಮತದಿಂದ ಏನಾಗುತ್ತಿತ್ತು ಎಂದು ಅಳಿಯ ಸಮಾಧಾನ ಹೇಳಿದ. ಅದು ನಿಜವೇ. ಅವರ ಊರಿನಲ್ಲಿ ಕೆಂಪು ಪಕ್ಷ ಸಲೀಸಾಗಿ ಗೆದ್ದಿತು, ಬಹಳ ಜನ ಮತ ಹಾಕಲು ಹೋಗದೆಯೇ. ಅಂಕಲ್ ಇಲ್ಲದೆ, ಮೇಷ್ಟ್ರಿಲ್ಲದೆ ಗೆದ್ದಿತು. ಅದನ್ನೇ ಅವರಿಗೆ ನುಂಗಲಾಗಲಿಲ್ಲ ಎಂದು ನನಗನ್ನಿಸುತ್ತದೆ. ಸಂಜೆ ಬೀದಿಯಲ್ಲಿ ಪಟಾಕಿ ಶುರುವಾದಾಗ ಕಿಟಕಿಯ ಪರದೆ ಎಳೆಯಲು ಹೇಳಿದರು.

ಮರುದಿನ ಬೆಳಗ್ಗೆ ಅಡುಗೆಮನೆ ಕಿಟಕಿ ತೆರೆದರೆ ಬೈಗುಳ ಕೇಳಿಸಲಿಲ್ಲ. ಅದರ ಮರುದಿನವೂ ಇಲ್ಲ. ಅಂಕಲ್ ಪ್ಯಾಟಿಯೋದಲ್ಲಿ ಕೂತಿರುತ್ತಿದ್ದರು, ಐಪ್ಯಾಡ್ ಮಾತ್ರ ಒಳಗೆ ಎಲ್ಲೋ ಬಿದ್ದಿರುತ್ತಿತ್ತು. ಶನಿವಾರದ ಫೋನು ನಿಲ್ಲಲಿಲ್ಲ. ಆದರೆ ಇಬ್ಬರೂ ಹವಾಮಾನ, ಮಂಡಿನೋವು, ಮೊಮ್ಮಕ್ಕಳ ವಿಷಯ ಮಾತ್ರ ಮಾತಾಡಿ ಇಟ್ಟುಬಿಡುತ್ತಿದ್ದರು. ಆಂಟಿ ಒಮ್ಮೆ ಬೇಲಿಯ ಹತ್ತಿರ ನಿಂತು, "ಬೈಕೋತ ಇದ್ದಾಗ ಚೊಲೋ ಇದ್ರವಾ. ಈಗ ಯಾರಿಗೂ ಏನೂ ಅನ್ನಂಗಿಲ್ಲ," ಎಂದರು. ನಾನು ಅದನ್ನು ಹಗುರಾಗಿ ತೆಗೆದುಕೊಳ್ಳಲು ನೋಡಿದೆ, ಆಗಲಿಲ್ಲ.

ಆ ವರ್ಷದ ಕೊನೆಗೆ ನಾವು ಆಸ್ಟಿನ್‌ಗೆ ಶಿಫ್ಟ್ ಆದೆವು. ಚಳಿ ಮುಗಿಯುವ ಹೊತ್ತಿಗೆ ಅಂಕಲ್‌ಗೆ ಶ್ವಾಸಕೋಶದ ತೊಂದರೆ ಜಾಸ್ತಿಯಾಗಿ ಹ್ಯೂಸ್ಟನ್ನಿನ ಆಸ್ಪತ್ರೆಗೆ ಸೇರಿಸಿದರು. ಒಂದು ಭಾನುವಾರ ಡ್ರೈವ್ ಮಾಡಿಕೊಂಡು ಹೋಗಿ ನೋಡಿದೆ. ಬಹಳ ಇಳಿದುಹೋಗಿದ್ದರು. ಅಷ್ಟರಲ್ಲಿ ಅವರು ಗೆಲ್ಲಿಸಬೇಕೆಂದಿದ್ದ ಸರ್ಕಾರ ಜನರ ಬಾಯಲ್ಲಿ ಬೈಸಿಕೊಳ್ಳಲು ಶುರುಮಾಡಿತ್ತು. ಅದಕ್ಕೆ ಹಾಕಿ ಎಂದಿದ್ದ ಪೇಪರೇ ಈಗ ಮೊದಲ ಪುಟದಲ್ಲಿ ಅದರ ಚರ್ಮ ಸುಲಿಯುತ್ತಿತ್ತು. ಅವರನ್ನು ಕೆಣಕೋಣ, ಸ್ವಲ್ಪ ರೇಗಲಿ ಎಂದು ನಾನು ಆ ಸುದ್ದಿಯನ್ನು ಫೋನಿನಲ್ಲಿ ತೆಗೆದು ಓದಿದೆ. ತಲೆಬರಹದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದೆ ನೋಡಿ ಅಂಕಲ್ ಎಂದೆ.

"ಪಾಪ, ಯಾವನೋ ಹಸಿದ ಹುಡುಗ ಬರ್ದಿರ್ತಾನೆ ಬಿಡಮ್ಮ," ಎಂದರು.

ನಾನು ಕಾರಿನಲ್ಲಿ ಕೂತು ಅತ್ತೆ. ಅವರ ಕೋಪಕ್ಕೆ ಒಂದು ಮುಖವಿತ್ತು, ಅದನ್ನು ನಾನೇ ಕಿತ್ತುಕೊಂಡೆನೇನೋ ಎನ್ನುವ ಯೋಚನೆ ಬಂತು. ಹಾಗೇನಿಲ್ಲ, ನಿಜ ಹೇಳಿದ್ದೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ಮಾತು ಸಮಾಧಾನ ಕೊಡಲಿಲ್ಲ. ಅದಾಗಿ ಕೆಲವೇ ದಿನಗಳಲ್ಲಿ ಅಂಕಲ್ ಹೋದರು. ಹ್ಯೂಸ್ಟನ್ನಿನಲ್ಲೇ ಎಲ್ಲ ಮುಗಿಸಿದರು. ಮೇಷ್ಟ್ರಿಗೆ ವಿಮಾನ ಹತ್ತುವ ಶಕ್ತಿ ಇರಲಿಲ್ಲ. ಫೋನಿನಲ್ಲಿ ಅವರು ಮಾತಾಡಲಾಗದೆ ಅಳುತ್ತಿದ್ದದ್ದು ಕೇಳಿಸುತ್ತಿತ್ತು ಎಂದು ಮಗಳು ಹೇಳಿದಳು.

ಹೋದ ಶನಿವಾರ ಮರ್ಫಿಗೆ ಹೋಗಿದ್ದೆ. ಈಗ ಮೇ ತಿಂಗಳು, ಬಿಸಿಲು ಆಗಲೇ ಏರಿದೆ. ಮಗಳೂ ಅಳಿಯನೂ ಎಲ್ಲೋ ಹೊರಗೆ ಹೋಗಿದ್ದರು. ಆಂಟಿ ನನಗೆ ಅವಲಕ್ಕಿ ಕೊಟ್ಟು ಎದುರಿಗೆ ಕೂತಿದ್ದರು. ಫೋನು ಬಂತು. ಮೇಷ್ಟ್ರು. ಅಂಕಲ್ ಹೋದ ಮೇಲೂ ಅವರು ಶನಿವಾರ ತಪ್ಪಿಸಿಲ್ಲವಂತೆ, ಆಂಟಿಯ ಜೊತೆ ಎರಡು ಮಾತಾಡುತ್ತಾರಂತೆ. ಆಂಟಿಗೆ ಕಿವಿ ಸ್ವಲ್ಪ ಮಂದ, ಅದಕ್ಕೆ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ.

ಮೇಷ್ಟ್ರು ಏನೋ ಹೇಳಲು ತಡವರಿಸಿದರು. ಆಮೇಲೆ ಹೇಳಿದರು, ಊರಿನಲ್ಲಿ ಕೌನ್ಸಿಲ್ ಚುನಾವಣೆ ಆಯಿತು, ಈ ಸಲ ನಾನು ಹೋಗಿ ಮತ ಹಾಕಿ ಬಂದೆ ಎಂದು. ಕೋಲು ಊರಿಕೊಂಡು ಹೋದೆ, ಅವನ ಪಕ್ಷಕ್ಕೇ ಹಾಕಿದೆ, ನಮ್ಮವರು ಸೋತರು, ಆದರೂ ಹಾಕಿದೆ ಎಂದರು. ಇದನ್ನು ಅವನಿಗೆ ಹೇಳಬೇಕು ಎನ್ನಿಸಿತು, ಅವನಿಲ್ಲವಲ್ಲ, ಅದಕ್ಕೆ ನಿಮಗೆ ಹೇಳುತ್ತಿದ್ದೇನೆ ಎಂದರು. ಒಳ್ಳೆಯದಾಯಿತು ಎಂಬ ಒಂದು ಮಾತಿಗಾಗಿ ಕಾಯುತ್ತಿದ್ದಾರೆಂದು ನನಗೂ ಗೊತ್ತಾಯಿತು.

ಇಷ್ಟು ವರ್ಷದಲ್ಲಿ ಆಂಟಿ ಯಾರಿಗಾದರೂ ಬಿರುಸಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದೂ ದನಿ ಏರಿಸಲಿಲ್ಲ. ಆ ಊರಿನವರ ಥರದ್ದೇ ಇಂಗ್ಲಿಷಿನಲ್ಲಿ, ಮೆಲ್ಲಗೆ ಹೇಳಿದರು. ನೀವು ಅವತ್ತು ಹೋಗಬೇಕಿತ್ತು. ಅವತ್ತು ಅವರಿದ್ದರು.

ಮೇಷ್ಟ್ರು ಹೌದು ಎಂದರೋ ಇಲ್ಲವೋ, ಸರಿಯಾಗಿ ತಿಳಿಯಲಿಲ್ಲ. ಆಂಟಿ ಫೋನು ಇಟ್ಟು, ಸೆರಗಿನಿಂದ ಅದರ ಗಾಜು ಒರೆಸಿದರು. ಮುಂದಿನ ಶನಿವಾರ ಅವರು ಫೋನ್ ಮಾಡುತ್ತಾರೋ ಇಲ್ಲವೋ ಎಂದು ನಾನು ಯೋಚಿಸುತ್ತಿದ್ದೆ. ಆಂಟಿ ನನ್ನ ಕಡೆ ನೋಡಲಿಲ್ಲ.

"ಈ ಮಾತ ನಮ್ಮ ಮನಿಯವರ ಬಾಯಿಂದ ಬರ್ತದ ಅಂತ ಕಾಯ್ಕೋತ ಕೂತಿದ್ದೆ," ಎಂದರು. "ದವಾಖಾನ್ಯಾಗೂ ಕಾದೆ. ಒಂದ ಸಲಾನೂ ಅನ್ನಲಿಲ್ಲ ನೋಡವಾ."